ರೋಲರ್ ಕಲ್ಲಿನ ಮೇಲೆ ಬರೆದ ಸಾಲು

ನನಗೆ ಮರೆವು ಅಂದವನು ಯಾರು? ವಾಟ್ಸಾಪ್ ಗ್ರೂಪಿನಲ್ಲಿ ಹಲ್ಲು ಕಿರಿಯುವ ಬೊಂಬೆ ಹಾಕಿ "ಅಜ್ಜ ಬರೆದು ಕಳಿಸ್ಲಿ, ನೋಡೋಣ" ಅಂದೆಯಲ್ಲ, ನೀನೇ. ನಿನ್ನೆ ತಿಂದದ್ದು ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಆ ಕಲ್ಲಿನ ವಾಸನೆ ಕೂಡ ನೆನಪಿದೆ. ಬಾಯಿ ಮುಚ್ಚಿಕೊಂಡು ಕೇಳು.

ನಮ್ಮ ಕ್ರಿಕೆಟ್ ಕ್ಲಬ್ಬಿಗೆ ಇಪ್ಪತ್ತೈದು ತುಂಬಿದ ವರ್ಷ ಊರಿಗೆ ಹೊಸ ಡ್ರಾಯಿಂಗ್ ಮೇಷ್ಟ್ರು ಬಂದರು. ಅಕ್ಷರವೆಂದರೆ ಮುತ್ತು. ಅಂಗಡಿ ಬೋರ್ಡು, ಸರ್ಟಿಫಿಕೇಟು, ಎಲ್ಲದಕ್ಕೂ ಅವರದೇ ಕೈ. ಆ ಬಲಗೈಯೇ ಅವರ ಅನ್ನ, ಅವರ ಜಂಬ. ಅಧ್ಯಕ್ಷರು ಕರೆಸಿ, ಸ್ಮರಣ ಸಂಚಿಕೆಗೆ ಕ್ಲಬ್ಬಿನ ಚರಿತ್ರೆ ಬರೆದುಕೊಡಿ ಎಂದರು.

ಪೆವಿಲಿಯನ್ನಿನಲ್ಲಿ ಟೀ ಮಾಡುವ ಅಕ್ಕ ಅಂದೇ ಎಚ್ಚರಿಸಿದಳು.

"ಮೇಷ್ಟ್ರೇ, ನಮ್ಮಪ್ಪನ ವಿಷ್ಯ ಬಂದ್ರೆ ನಡೆದದ್ದು ನಡೆದ ಹಾಗೆ ಬರೀರಿ. ಇಲ್ಲಾಂದ್ರೆ ಬರೀಲೇಬೇಡಿ. ನಮ್ಮಜ್ಜಿ ಆ ಕಲ್ಲಿನ ರೋಲರ್‌ಗೆ ಮಾಟ ಮಾಡಿದಾಳೆ. ಸುಳ್ಳು ಬರೆದ ಕೈನ ಅದು ಬಿಡಲ್ಲ."

"ಕಲ್ಲಿಗೂ ಓದೋಕೆ ಬರುತ್ತೇನಕ್ಕಾ? ಎಷ್ಟನೇ ಕ್ಲಾಸು ಪಾಸು?" ಮೇಷ್ಟ್ರು ನಕ್ಕರು. ಅಕ್ಕ ನಗಲಿಲ್ಲ.

ನಡೆದದ್ದು ಇಷ್ಟು. ಅಕ್ಕನ ಅಪ್ಪ ಮೈದಾನ ಸಮ ಮಾಡುವ ಕಲ್ಲಿನ ರೋಲರ್ ಎಳೆಯುವ ಆಳು. ಕ್ಲಬ್ಬಿನ ಮೊದಲ ಫೈನಲ್ಲಿಗೆ ಒಬ್ಬ ಆಟಗಾರ ಕಡಿಮೆ ಬಿದ್ದಾಗ ಅವನನ್ನು ಇಳಿಸಿದರು. ಏಳು ವಿಕೆಟ್ ಕಿತ್ತ. ಗೆದ್ದಮೇಲೆ ಫೋಟೊಗೆ ನಿಲ್ಲಲು ಬಂದವನಿಗೆ ಅಂದಿನ ಅಧ್ಯಕ್ಷ, ಅಂದರೆ ಈ ಅಧ್ಯಕ್ಷರ ಅಪ್ಪ, "ನಿನ್ನ ಜಾಗ ಅಲ್ಲಿ" ಎಂದು ರೋಲರ್ ತೋರಿಸಿದ. ದಣಿದವನು ಎಳೆಯುತ್ತ ಮುಗ್ಗರಿಸಿ ಬಿದ್ದ. ಹಿಂದಿನಿಂದ ತಳ್ಳುತ್ತಿದ್ದ ಕ್ಲಬ್ಬಿನ ಧಣಿಗಳು ತಮಾಷೆಗೆಂದು ನಿಲ್ಲಿಸಲಿಲ್ಲ. ಚೆಂಡೆಸೆದ ಕೈಯ ಮೇಲೇ ಕಲ್ಲು ಹೋಯಿತು. ಎಂಟನೇ ದಿನ ಸತ್ತ. ಕುಡಿದಿದ್ದ ಅಂತ ಊರಿಗೆಲ್ಲ ಹಬ್ಬಿಸಿದರು, ಹಲ್ಕಾಗಳು! ಅವನ ತಾಯಿ ಮಗನ ಕೂದಲು, ರಕ್ತ ಹೀರಿದ ಮಣ್ಣು, ವಿಕೆಟ್ಟಿಗೊಂದರಂತೆ ಏಳು ಮೊಳೆ, ಎಲ್ಲವನ್ನೂ ಕಪ್ಪು ಬಟ್ಟೆಯಲ್ಲಿ ಕಟ್ಟಿ ರೋಲರಿನ ಅಚ್ಚಿನ ಸಂದಿಗೆ ತುರುಕಿದಳು.

ಮೇಷ್ಟ್ರು ಅಕ್ಕನಿಂದ ಕೇಳಿ ಇದನ್ನೆಲ್ಲ ಬರೆದುಕೊಂಡು ಹೋದರೆ ಅಧ್ಯಕ್ಷರು ಮುಖ ಸಿಂಡರಿಸಿದರು. "ಯಾಕ್ರೀ ಇದೆಲ್ಲ? ಕುಡಿದು ಬಿದ್ದ ಅಂತ ಒಂದು ಸಾಲು ಹಾಕಿ, ಮುಗೀತು. ನಮ್ಮಪ್ಪನ ಮರ್ಯಾದೆ ಏನಾಗ್ಬೇಕು?"

"ಆಗ್ಲಿ ಸಾರ್" ಎಂದರು ಮೇಷ್ಟ್ರು. ನಾಚಿಕೆಗೆಟ್ಟ ಮನುಷ್ಯ! ಅಷ್ಟಕ್ಕೇ ಬಿಟ್ಟರೇ? ಅಕ್ಕನ ಬಾಯಿ ಮುಚ್ಚಿಸಬೇಕೆಂದು ಹಾಳೆ ಹಿಡಿದು ನೇರ ರೋಲರ್ ಶೆಡ್ಡಿಗೆ ನಡೆದರು.

"ಬಾರಕ್ಕಾ, ನಿನ್ನ ಕಲ್ಲಿನ ಮೇಲೇ ಇಟ್ಕೊಂಡು ಬರೀತೀನಿ!"

ಮಟಮಟ ಮಧ್ಯಾಹ್ನ. ತಗಡಿನ ಶೆಡ್ಡಿನೊಳಗೆ ಮಾತ್ರ ಕಗ್ಗತ್ತಲೆ. ಸುಣ್ಣದ ಘಾಟು, ತುಕ್ಕಿನ ಘಾಟು, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಮೇಷ್ಟ್ರು ಕಲ್ಲಿನ ಮೇಲೆ ಹಾಳೆ ಹರಡಿ ಕೈ ಊರಿದರು. ಕಲ್ಲು ಬೆಚ್ಚಗಿತ್ತು, ಜ್ವರ ಬಂದ ಮೈಯ ಹಾಗೆ. ಬರೆದರು: ಅವನು ಕುಡಿದಿದ್ದ.

ಅಚ್ಚು ಕಿರ್ರೆಂದಿತು. ಕೈ ಎತ್ತಲು ಹೋದರು. ಬರಲಿಲ್ಲ. ಅಂಗೈ ಕಲ್ಲಿಗೆ ಅಂಟಿತ್ತು. ಕಲ್ಲಿನೊಳಗೆ ಏನೋ ಮಿಡಿಯಿತು. ರೋಲರ್ ಉರುಳಿತು. ಎಳೆಯುವವರಿಲ್ಲ. ತಳ್ಳುವವರಿಲ್ಲ. ಕೈ ಕಲ್ಲಿನ ಜೊತೆ ಕೆಳಗಿಳಿಯಿತು. ಮೊದಲು ಬೆರಳು. ಲಟಕ್. ಆಮೇಲೆ ಅಂಗೈ.

"ನಿಜ ಹೇಳ್ರೀ ಮೇಷ್ಟ್ರೇ!" ಬಾಗಿಲಲ್ಲಿ ಅಕ್ಕ ಕಿರುಚಿದಳು. "ಗಟ್ಟಿಯಾಗಿ ಹೇಳ್ರೀ!"

"ಕುಡಿದಿರ್ಲಿಲ್ಲ! ಅವನು ಕುಡಿದಿರ್ಲಿಲ್ಲ ಕಣಕ್ಕಾ!"

ಕಲ್ಲು ನಿಂತಿತು. ಮಣಿಕಟ್ಟಿನ ಮೇಲೆ.

ಜೀವ ಉಳಿಯಿತು, ಕೈ ಹೋಯಿತು. ಮೇಷ್ಟ್ರು ಆಸ್ಪತ್ರೆಯಲ್ಲಿರುವಾಗಲೇ ಸಂಚಿಕೆ ಅಚ್ಚಾಗಿ ಬಂತು. ಅಕ್ಕನ ಅಪ್ಪನ ಮೇಲಿನ ಸುಳ್ಳು ಹಾಗೇ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: 'ಈ ಚರಿತ್ರೆ ಬರೆದ ಡ್ರಾಯಿಂಗ್ ಮೇಷ್ಟ್ರು ಕುಡಿದ ಅಮಲಿನಲ್ಲಿ ರೋಲರಿನಡಿ ಕೈ ಕಳೆದುಕೊಂಡರು.' ಅಧ್ಯಕ್ಷರು ಪೆನ್ನು ಮುಟ್ಟಲಿಲ್ಲ, ಬಾಯಲ್ಲಿ ಹೇಳಿ ಹಾಕಿಸಿದರು. ಧಣಿಗಳ ಕೈ ಯಾವಾಗಲೂ ಸ್ವಚ್ಛ! ಅಚ್ಚಿನ ಮನೆಯಲ್ಲಿ ಆ ಸಾಲು ಜೋಡಿಸಿದ ಬಡಪಾಯಿಯ ಬೆರಳುಗಳು ಎರಡೇ ವಾರದಲ್ಲಿ ಯಂತ್ರಕ್ಕೆ ಸಿಕ್ಕಿದವು.

ಬರೆದು ಕಳಿಸು ಅಂದವನೇ, ಆ ಮೇಷ್ಟ್ರು ಯಾರು ಅಂತ ಈಗ ಗೊತ್ತಾಯಿತೇ? ನನ್ನ ಬಲಗೈ ಮಣಿಕಟ್ಟಿಗೇ ಮುಗಿದಿದೆ. ಎಡಗೈಗೆ ಪೆನ್ನು ಕೊಟ್ಟರೆ ನನ್ನನ್ನು ಕೇಳದೆ ಒಂದೇ ಸಾಲು ಬರೆಯುತ್ತದೆ: ಅವನು ಕುಡಿದಿರಲಿಲ್ಲ. ಐವತ್ತು ವರ್ಷದಿಂದ ಅದೊಂದೇ ಸಾಲು. ಅದಕ್ಕೇ ಬಾಯಲ್ಲಿ ಹೇಳಿದ್ದು. ಇದನ್ನು ಕ್ಲಬ್ಬಿನ ಒಬ್ಬೊಬ್ಬರಿಗೂ ಕಳಿಸು. ಎಲ್ಲರಿಗಿಂತ ಮೊದಲು ಈಗಿನ ಅಧ್ಯಕ್ಷನಿಗೆ, ನನ್ನಿಂದ ಸುಳ್ಳು ಬರೆಸಿದ ಆ ಧಣಿಯ ಮಗನಿಗೆ. ಎಪ್ಪತ್ತೈದನೇ ವರ್ಷದ ಸಂಚಿಕೆಗೆ ಒಳ್ಳೆಯ ಕೈಬರಹದವರನ್ನು ಹುಡುಕುತ್ತಿದ್ದಾನಂತೆ.