ಮೂರನೇ ಹಾಡಿನ ಚಪ್ಪಾಳೆ

ಮೂರನೇ ಹಾಡು ಮುಗಿಯಿತು. ಸ್ಪೀಕರಿನಲ್ಲಿ ಚಪ್ಪಾಳೆ ಶುರುವಾಯಿತು, ಅರ್ಧಕ್ಕೇ ಕತ್ತರಿಸಿಹೋಯಿತು. ಮರುಕ್ಷಣ ನಾಲ್ಕನೇ ಹಾಡು!

ಚಿಕ್ಕಮ್ಮ ಕುರ್ಚಿಯಿಂದ ಎದ್ದು ನಿಂತರು. "ನಿಲ್ಸಿ! ಅಕ್ಕನ ಮಾತೆಲ್ಲಿ?"

ಅಕ್ಕ ತೀರಿಕೊಂಡ ಮೇಲೆ ನಡೆದ ನೆನಪಿನ ಸಭೆ ಅದು. ಅಕ್ಕತಂಗಿ ಜೊತೆಯಾಗಿ ಹಾಡಿದ ಕೊನೆಯ ಕಾರ್ಯಕ್ರಮದ ಸಿ.ಡಿ.ಯನ್ನು ಕಂಪ್ಯೂಟರಿಗೆ ಇಳಿಸಿ ಕೇಳಿಸುತ್ತಿದ್ದರು. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ. ಭಾವ, ಅಂದರೆ ಅಕ್ಕನ ಗಂಡ, ಎಂದಿನಂತೆ ಮೂರನೇ ಹಾಡಿನ ನಡುವೆಯೇ ಚಪ್ಪಾಳೆ ತಟ್ಟಿ ನಗೆಪಾಟಲಾಗಿದ್ದರು, ಅಷ್ಟೇ.

ಆ ಕಾರ್ಯಕ್ರಮದಲ್ಲಿ ಮೂರನೇ ಹಾಡಿನ ಬೆನ್ನಿಗೇ ಅಕ್ಕ ಜನರೆದುರು ಹೇಳಿದ್ದಳು: "ಈ ಹಾಡುಗಳಿಗೆಲ್ಲ ರಾಗ ಹಾಕಿದ್ದು ನನ್ನ ತಂಗಿ." ಇಡೀ ಆಯುಷ್ಯದಲ್ಲಿ ಒಂದೇ ಸಲ ಆ ಬಾಯಿಂದ ಬಂದ ಮಾತು. ಇನ್ನೇನು ಹಾಡುಗಳು ಮಾರಾಟಕ್ಕೆ ಬರಲಿದ್ದವು, ರಾಗವೂ ಅಕ್ಕನದೇ ಎಂಬ ಹೆಸರಿನಲ್ಲಿ. ಅಲ್ಲವೆನ್ನಲು ಚಿಕ್ಕಮ್ಮನಿಗೆ ಇದ್ದ ಸಾಕ್ಷಿ ಅದೊಂದೇ. ಮೂಲ ಸಿ.ಡಿ.ಯೂ ಈಗ ಕಾಣೆ.

"ವಯಸ್ಸಾಯ್ತಲ್ಲ, ಪಾಪ, ಭ್ರಮೆ" ಎಂದರು ನೆಂಟರು. ನೆಂಟರಿಗೇನು, ಊಟ ಹೊತ್ತಿಗೆ ಸರಿಯಾಗಿ ಸಿಕ್ಕರೆ ಸಾಕು.

ನಂಬಿದವರು ಮೇಲಿನ ಮಹಡಿಯ ಪೊಲೀಸಮ್ಮ ಒಬ್ಬರೇ. ಅವರು ಕೆಲಸದಿಂದ ನಿವೃತ್ತರಾಗಿದ್ದರು. ಪ್ರಶ್ನೆ ಕೇಳುವ ಚಟ ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಸಿ.ಡಿ.ಯನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ ಅಂಗಡಿಯ ಹಿಂಬದಿಯ ಕೋಣೆಗೆ ಕರೆಸಿದರು. ಅಂಗಡಿಯವನು ಕಂಪ್ಯೂಟರಿನ ಮುಂದೆ, ಭಾವ ಬಾಗಿಲ ಬಳಿ. ಚಿಕ್ಕಮ್ಮ ಅಕ್ಕನ ಮಗಳ ಹೆಗಲ ಮೇಲೆ ಕೈಯಿಟ್ಟು ಕೂತರು. ಮಕ್ಕಳಿಲ್ಲದ ಅವರಿಗೆ ಅವಳೇ ಮಗಳು, ಅವಳೇ ಶಿಷ್ಯೆ.

"ಮಾತನ್ನ ಕತ್ತರಿಸಿದ್ದು ನೀನಾ?" ಪೊಲೀಸಮ್ಮ ಅಂಗಡಿಯವನನ್ನು ಕೇಳಿದರು.

"ಅಯ್ಯೋ ಮೇಡಂ, ನನ್ನ ಮೇಲ್ಯಾಕೆ ಗೂಬೆ ಕೂರಿಸ್ತೀರಾ? ಆ ಸಿ.ಡಿ.ಲಿ ಯಾವ ಹಾಡು ಎಲ್ಲಿ ಶುರು ಅಂತ ಗುರುತೇ ಇರ್ಲಿಲ್ಲ. ಕಂಪ್ಯೂಟರಿಗೆ ಇಳಿಸಿದ್ರೆ ಇಡೀ ಕಾರ್ಯಕ್ರಮ ಒಂದೇ ಉದ್ದದ ಹಾಡಾಗಿ ಬಂತು."

"ಆಮೇಲೆ?"

"ಸದ್ದು ನಿಂತ ಕಡೆ ತುಂಡು ಮಾಡು ಅಂತ ಸಾಫ್ಟ್‌ವೇರಿಗೆ ಹೇಳ್ದೆ. ಅದು ಮೂರನೇ ಹಾಡನ್ನ ನಡುವೆನೇ ಕತ್ತರಿಸ್ತು. ಚಪ್ಪಾಳೆ ಇದ್ದ ಕಡೆ ಎರಡೆರಡು ಹಾಡು ಅಂಟ್ಕೊಂಡೇ ಉಳಿದ್ವು. ತಲೆ ಕೆಟ್ಟುಹೋಯ್ತು. ಹಾಡು ಗೊತ್ತಿರೋರೇ ಕೂತು ಗುರುತು ಹಾಕ್ಕೊಳ್ಳಿ ಅಂತ ಸಿ.ಡಿ., ಪೆನ್‌ಡ್ರೈವ್ ಎರಡನ್ನೂ ಇವರ ಕೈಗೇ ಕೊಟ್ಟೆ." ಅವನು ಭಾವನತ್ತ ಕೈ ತೋರಿಸಿದ.

"ನಿನ್ನ ಹತ್ರ ಇದ್ದ ಕಾಪಿ?"

"ಜಾಗ ಸಾಲ್ದೆ ಅಳಿಸ್ಬಿಟ್ಟೆ."

ಭಾವನ ಮುಖ ಕಪ್ಪಿಟ್ಟಿತು. ಮಗಳನ್ನೊಮ್ಮೆ ನೋಡಿದರು. "ಗುರುತು ಹಾಕಿದ್ದು ನಾನೇ. ಎಲ್ಲೋ ಕೈತಪ್ಪಿ ಹೋಗಿರ್ಬೇಕು. ಸಿ.ಡಿ. ಎಲ್ಲಿಟ್ಟೆ ಅಂತ ನೆನಪಿಲ್ಲ."

"ಕೈತಪ್ಪಿ? ಬೇರೆ ಹಾಡುಗಳ ಕೊನೇಲಿ ಚಪ್ಪಾಳೆ, ಕೆಮ್ಮು, ಕುರ್ಚಿ ಎಳೆದ ಸದ್ದು ಎಲ್ಲಾ ಪೂರ್ತಿ ಇದೆ. ಇಲ್ಲೊಂದೇ ಕಡೆ ತಪ್ತಾ?"

ಭಾವ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು.

"ಆಗ್ಲಿ. ಮೂರನೇ ಹಾಡು ಹಾಕಪ್ಪಾ."

ಅಕ್ಕನ ದನಿ ಕೋಣೆ ತುಂಬಿತು, ಅದರ ಜೊತೆಗೆ ತಂಗಿಯದು. ಚಿಕ್ಕಮ್ಮನಿಗೆ ಅಳು ಬಂತು. ಸತ್ತವಳ ಮೇಲೆ ಸಿಟ್ಟೂ ಬಂತು: ಆ ಒಂದು ಮಾತನ್ನು ಮನೆಯಲ್ಲೂ ನಾಲ್ಕು ಸಲ ಆಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅಷ್ಟರಲ್ಲಿ ಎರಡೂ ದನಿಗಳು ಥಟ್ಟನೆ ನಿಂತವು. ಕೋಣೆಯೆಲ್ಲ ಮೌನ.

ಭಾವ ಚಪ್ಪಾಳೆ ತಟ್ಟಿದರು.

ಹಾಡು ಮತ್ತೆ ಎತ್ತಿಕೊಂಡಿತು. ಅವರ ಕೈಗಳು ಗಾಳಿಯಲ್ಲೇ ಉಳಿದವು.

"ಗುರುತು ಹಾಕಿದ್ದು ನೀವಲ್ಲ" ಎಂದರು ಪೊಲೀಸಮ್ಮ. "ನೀವಾಗಿದ್ರೆ ಹಾಡು ಇಲ್ಲಿಗೇ ಮುಗೀತಿತ್ತು. ಸಾಫ್ಟ್‌ವೇರ್ ಮೋಸಹೋಗಿದ್ದೂ ಇಲ್ಲೇ. ಸಭೇಲಿ ಎಲ್ಲರೂ ನಿಮ್ಮನ್ನ ನೋಡಿ ನಕ್ಕರು. ಯಾಕೆ ಅಂತ ಯಾರೂ ಯೋಚಿಸ್ಲಿಲ್ಲ. ಈ ಮೌನ ಹಾಡಿನ ಒಳಗಿಂದು ಅಂತ ಗೊತ್ತಿದ್ದೋರೇ ಕತ್ತರಿ ಹಿಡಿದಿದ್ದಾರೆ. ನಿಮ್ಮನೇಲಿ ಈ ಹಾಡು ಕಲಿತೋರು ಯಾರು ಸ್ವಾಮಿ?"

ಉತ್ತರ ಬರುವ ಮೊದಲೇ ಚಿಕ್ಕಮ್ಮನ ಕೈ ಹುಡುಗಿಯ ಹೆಗಲಿನಿಂದ ಜಾರಿತು.

"ನಾನೇ" ಎಂದಳು ಅಕ್ಕನ ಮಗಳು. "ಸಿ.ಡಿ.ನೂ ಮುರಿದು ಕಸಕ್ಕೆ ಹಾಕ್ದೆ. ಅಪ್ಪನಿಗೆ ಆಮೇಲೆ ಗೊತ್ತಾಗಿದ್ದು. ಅಮ್ಮನಿಗೆ ಉಳಿದಿರೋದು ಹೆಸರೊಂದೇ ಚಿಕ್ಕಮ್ಮ. ಅದರಲ್ಲೂ ನಿಮಗೆ ಪಾಲು ಬೇಕಾ?"

ಪಾಲು! ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರುವುದು?

"ಆ ಮೌನದಲ್ಲಿ ನೀನು ಯಾವಾಗ್ಲೂ ಅವಸರ ಮಾಡ್ತಿದ್ದೆ" ಎಂದರು ಚಿಕ್ಕಮ್ಮ. "ಉಸಿರು ಹಿಡಿ, ತಾಳು ಅಂತ ಬೆನ್ನು ತಟ್ಟಿ ತಟ್ಟಿ ಕಲಿಸಿದ್ದು ಯಾರೇ?"

"ನೀವು." ಹುಡುಗಿ ತಲೆ ಎತ್ತಲಿಲ್ಲ. "ಕೇಳಿದೋರಿಗೆಲ್ಲ ಅಮ್ಮ ಕಲಿಸಿದ್ದು ಅಂತ ಹೇಳಿದೀನಿ. ಮುಂದೆನೂ ಹಾಗೇ ಹೇಳ್ತೀನಿ."

ಸ್ಪೀಕರಿನಲ್ಲಿ ಹಾಡು ಕೊನೆ ಮುಟ್ಟಿತು. ಚಪ್ಪಾಳೆ ಎದ್ದಿತು, ಅರ್ಧಕ್ಕೇ ಕತ್ತರಿಸಿಹೋಯಿತು. ಭಾವ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು.

ಚಿಕ್ಕಮ್ಮ ಚೀಲ ಎತ್ತಿಕೊಂಡು ಅವರ ಮುಂದೆ ನಿಂತರು.

"ತಟ್ಟಿ ಭಾವ" ಎಂದರು. "ಈಗ ನಿಜವಾಗ್ಲೂ ಮುಗೀತು."