ವಾಯುನೌಕೆಯ ಕಣ್ಣಿಗೆ ಕೌದಿ

೨೦೦೭ರ ಫೆಬ್ರವರಿ ೧೨, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ರಾಂಜಣಗಾಂವದ ಕಡೆಯ ಠಾಣೆಗೆ ಎಂಜಿನಿಯರ್ ಬಿಂದುಮಾಧವ ದೂರು ತಂದರು. ಸೈನ್ಯಕ್ಕೆ ಮಾರಲೆಂದು ಅವರ ಕಂಪನಿ ಪರೀಕ್ಷಿಸುತ್ತಿದ್ದ, ದೊಡ್ಡ ಬಲೂನಿನಂಥ ವಾಯುನೌಕೆಯನ್ನು ರಾತ್ರಿ ಯಾರೋ ಕೊಯ್ದಿದ್ದರು.

ಇನ್ಸ್‌ಪೆಕ್ಟರ್ ಮನೋಹರ ಕುಂಬಾರ ಅಕ್ಕಲಕೋಟೆಯ ಕಡೆಯವರು. ದೂರುದಾರರು ಧಾರವಾಡದವರೆಂದು ತಿಳಿದ ಮೇಲೆ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು.

"ಏನ್ ಮಾಡ್ತದ್ರಿ ಅದು?"

"ಗಡಿ ಮ್ಯಾಲೆ ನಿಂತು ಕಾಯ್ತದ್ರಿ. ವಿಮಾನ ಬಂದು ಹೋಗಿಬಿಡ್ತದ, ಇದು ದಿನಗಟ್ಟಲೆ ನಿಲ್ತದ. ಕತ್ತಲದಾಗೂ ಅದರ ಕ್ಯಾಮರಾಕ್ಕ ಮನುಷ್ಯಾ ಕಾಣ್ತಾನ, ಮೈ ಬಿಸಿ ಮ್ಯಾಲೆ."

"ಯಾರ ಮ್ಯಾಲೆ ಸಂಶಯ?"

"ವಾಚ್‌ಮನ್ ಅವ್ವಣ್ಣ. ಕೀಲಿ ಮುರದಿಲ್ರಿ. ಬ್ಯಾರೆ ಕಂಪನಿಯವರು ರೊಕ್ಕಾ ಕೊಟ್ಟಿರಬೇಕು. ಪರದೇಶದವರೂ ಇರಬಹುದು."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಹೋದಾಗ ತಗಡಿನ ಶೆಡ್ಡಿನಲ್ಲಿ ಬೆಳ್ಳಿ ಬಣ್ಣದ ನೌಕೆ ನೆಲಕ್ಕೆ ಮಲಗಿತ್ತು. ಹೊಟ್ಟೆಯ ಕೆಳಗೆ ಉದ್ದನೆಯ ಸೀಳು. ತುಂಬಿದ್ದ ಹೀಲಿಯಂ ಎಲ್ಲ ಹೋಗಿತ್ತು. ಕ್ಯಾಮರಾ ಮಾತ್ರ ಹಾಗೆಯೇ ಇತ್ತು. ಅದಕ್ಕೆ ಹಳೆಯ ಕೌದಿಯ ತುಂಡೊಂದನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದರು.

ಅವ್ವಣ್ಣನನ್ನು ಠಾಣೆಗೆ ತಂದರು. ಯಾದಗಿರಿ ಕಡೆಯ ಮನುಷ್ಯ, ಐವತ್ತು ದಾಟಿದವನು. ಕೂರುವ ಮೊದಲೇ ಕುಂಬಾರರಿಂದ ಕೆನ್ನೆಗೆ ಎರಡು ಬಿದ್ದವು.

"ದೇಶದ್ರೋಹ ಅಂದ್ರ ಏನ್ ಗೊತ್ತೈತೇನಲೇ? ಜೀವಮಾನ ಒಳಗ ಕೊಳೀತಿ."

"ಊಟಕ್ಕ ಮನೀಗಿ ಹೋಗಿದ್ದೆರಿ ಸಾಹೇಬ್ರ. ಶೆಡ್ಡಿನ ಕೀಲಿ ಮನ್ಯಾಗ ಗೂಟಕ್ಕ ಹಾಕಿದ್ದೆ. ಅಲ್ಲೇ ಕಣ್ಣ ಹತ್ತಿತು. ಮತ್ತೇನೂ ಗೊತ್ತಿಲ್ರಿ."

ಕಾನ್‌ಸ್ಟೇಬಲ್ ಶೈಲಾಳದು ಮಾತು ಕಡಿಮೆ. ಕೌದಿಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಸರ್, ರೊಕ್ಕಾ ತಿಂದಾವ ಕ್ಯಾಮರಾ ಒಯ್ತಿದ್ದ, ಇಲ್ಲಾ ಒಡೀತಿದ್ದ. ಇದನ್ನ ಮುಚ್ಯಾರ."

"ಯಾಕ?"

"ನೋಡಬಾರದಂತ."

ಕಂಪನಿಯ ಬೇಲಿಯ ಆಚೆ ಕೂಲಿಯವರ ಗುಡಿಸಲುಗಳು. ಕಕ್ಕಸು ಇಲ್ಲ, ಹೆಂಗಸರು ನಸುಕಿಗೆ ಮುಂಚೆ ಬಯಲಿಗೆ ಹೋಗಬೇಕು. ಶೈಲಾ ತುಂಡು ಹಿಡಿದು ಹೋದಾಗ ಅವ್ವಣ್ಣನ ಗುಡಿಸಲಿನಲ್ಲಿ ಅವನ ಅಕ್ಕ ಯಮನವ್ವ ಇದ್ದಳು. ಅವಳ ಮಗಳು ಶರಣಮ್ಮ ತುಟಿ ಒಡೆದು ಮಲಗಿದ್ದಳು. ತಲೆಯ ಹತ್ತಿರ ತಂಬಿಗೆ ತುಂಬ ನೀರು. ಹೊದ್ದ ಕೌದಿಗೆ ಒಂದು ಮೂಲೆ ಇರಲಿಲ್ಲ.

"ಜ್ವರಾ ಏನವ್ವ?" ಶೈಲಾ ಕೇಳಿದಳು.

"ನೀರ ಕುಡೀವಲ್ಲಳ್ರಿ. ಕುಡದ್ರ ಹೊರಗ ಹೋಗಬೇಕಾಗ್ತದ."

ಆಮೇಲೆ ಯಮನವ್ವ ಶೈಲಾಳ ಕೈಯಲ್ಲಿದ್ದ ತುಂಡನ್ನು ಕಂಡಳು. "ನನ್ನ ತಮ್ಮನ್ನ ಬಿಡ್ರಿ ಬಾಯಾರ. ನಾನ ಕೊಯ್ದೀನಿ," ಎಂದು ಸೂರಿನಿಂದ ಕುಡಗೋಲು ಎಳೆದು ಕೊಟ್ಟಳು.

ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಐದಕ್ಕೇ ಠಾಣೆಗೆ ತಂದರು. ಕುಂಬಾರ ಎದುರು ಕುಳಿತರು.

"ಯಾಕ ಮಾಡಿದಿ?"

"ಕಂಪನ್ಯಾಗ ಚಾ ಕಪ್ಪ ತೊಳೀತೀನ್ರಿ. ಹೋದ ವಾರ ಟೀವ್ಯಾಗ ನಮ್ಮ ಬಯಲ ಕಂಡ್ತು. ಕತ್ತಲದಾಗ ಹೆಣ್ಮಕ್ಕಳು ಕುಂತಿದ್ರು, ಬೆಳ್ಳಗ. ಒಬ್ಬಾಕಿ ಎದ್ದು ಕಾಲ ಎಳದ್ಲು. ‘ಲಂಗಡೀ ಆಲೀ’ ಅಂತ ಎಲ್ಲಾರೂ ನಕ್ರು. ಕುಂಟಿ ಬಂದ್ಲಂತ. ನನ್ನ ಮಗಳ ಕಾಲ ನನಗ ಗುರ್ತ ಸಿಗೂದಿಲ್ಲೇನ್ರಿ?"

"ಮಗಳಿಗಿ ಯಾಕ ಹೇಳಿದಿ?"

"ಹೇಳದಿದ್ರ ದಿನಾ ಹೋಗ್ತಿದ್ಲಲ್ರಿ."

ಕುಂಬಾರ ಬಿಂದುಮಾಧವರಿಂದ ಆ ರೆಕಾರ್ಡಿಂಗ್ ತರಿಸಿದರು. ಸ್ವಲ್ಪ ನೋಡಿ ನಿಲ್ಲಿಸಿದರು.

"ಪರೀಕ್ಷಾಕ್ಕ ಮನುಷ್ಯಾರು ಬೇಕಾಗ್ತಾರ ಸರ್. ಮುಖ ಏನ್ ಕಾಣೂದಿಲ್ಲ," ಎಂದರು ಬಿಂದುಮಾಧವ.

"ಕಾಲ ಕಾಣ್ತದಲ್ರಿ."

"ಅದು ಸೈನ್ಯದ ಗುಟ್ಟು. ಕಾಗದಪತ್ರದಾಗ ಬರೀಬ್ಯಾಡ್ರಿ."

ಮೇಲಿನಿಂದಲೂ ಅದೇ ಮಾತಿನ ಫೋನು ಬಂತು. ಅವ್ವಣ್ಣನನ್ನು ಬಿಟ್ಟರು. ಯಮನವ್ವನ ಹೇಳಿಕೆಯಲ್ಲಿ ಕಾರಣವೆಂದು ಕುಂಬಾರ ಬರೆದದ್ದು ಇಷ್ಟೇ: ಕಂಪನಿಯ ಮೇಲಿನ ದ್ವೇಷ.

ಕಂಪನಿಯ ಬಳಿ ಇನ್ನೊಂದು ವಾಯುನೌಕೆ ಇತ್ತು. ಮರುದಿನ ನಸುಕಿನಲ್ಲಿ ಅದು ಮೇಲೇರಿತು.

ಅದೇ ಹೊತ್ತಿಗೆ ಶೈಲಾ ಯಮನವ್ವನನ್ನು ಠಾಣೆಯ ಹಿಂದಿದ್ದ ಹೆಂಗಸರ ಕಕ್ಕಸಿಗೆ ಕರೆದೊಯ್ದಳು. ಒಳಗೆ ಹೋದವಳು ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹೊರಗೆ ಬಂದು ಶೈಲಾ ಕೊಟ್ಟ ನೀರನ್ನು ಪೂರ್ತಿ ಕುಡಿದಳು.

"ಬಾಯಾರ," ಎಂದಳು, "ನನ್ನ ಮಗಳನ್ನೂ ಒಳಗ ಹಾಕ್ರಿ."