ಮಗ್ಗ ಬಿಚ್ಚಿದ ಮನೆ

ಚಳ್ಳಕೆರೆಯ ಡಾಕ್ಟರ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದವನನ್ನು ಕಂಡು ವನಜಾಕ್ಷಿಯ ಎದೆ ಧಸಕ್ಕೆಂದಿತು.

ಅಯ್ಯೋ ಶಿವನೇ... ಗಂಡ!

ತಿಂಗಳುಗಟ್ಟಲೆ ಮುಖ ತೋರಿಸದ ಹೊನ್ನೂರಸ್ವಾಮಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಎಷ್ಟು ಸೊರಗಿ ಹೋಗಿದ್ದಾನೆ!

"ಬಲಗೈ ಹೆಂಗೈತೆ?" ಅವನೇ ಕೇಳಿದ.

"ಎತ್ತೋಕಾಗಲ್ಲ. ನರ, ಮೂಳೆ ಎಲ್ಲ ಸರಿಯಾಗೈತಂತೆ. ಮನಸ್ಸಿಗೆ ಬಿದ್ದ ಪೆಟ್ಟು ಮೈಗೆ ಬಂದೈತೆ, ನಾಟಕ ಅಲ್ಲ, ನಿಜವಾದ ಕಾಯಿಲೇನೇ ಅಂದ್ರು ಡಾಕ್ಟ್ರು."

"ನನ್ ಹೊಟ್ಟೆಗೂ ಅದೇ ಹೇಳಿದ್ರು..."

ಮೊಳಕಾಲ್ಮೂರಿನ ಅವರ ಮನೆಯಲ್ಲಿ ಒಂದು ಮಗ್ಗವಿತ್ತು. ಬೇರೆ ಬಣ್ಣದ ಅಂಚಿನ ರೇಷ್ಮೆ ಸೀರೆ ನೇಯಲು ಇಬ್ಬರು ಬೇಕು. ಈ ಕಡೆ ಅವನು, ಆ ಕಡೆ ಅವಳು. ತೊಂಬತ್ತೆಂಟರ ಬೇಸಿಗೆಯಲ್ಲಿ ಯಾರದೋ ಮದುವೆ ಸೀರೆಯ ಅವಸರಕ್ಕೆ ಹಸಿ ಬಾಣಂತಿ ವನಜಾಕ್ಷಿ ಲಾಳಿ ಹಿಡಿದಳು. ಮಗ್ಗುಲಲ್ಲೇ ಕೌದಿಯ ಮೇಲೆ ಕೂಸು ಮಲಗಿತ್ತು. ಮಗ್ಗದ ಸದ್ದಿನಲ್ಲಿ ಅದರ ಉಸಿರು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ವನಜಾಕ್ಷಿಯ ಬಲಗೈ ಸೋತು ಬಿತ್ತು. ಅವಳು ತವರು ಕೊಂಡ್ಲಹಳ್ಳಿಗೆ ಹೋದಳು. ಹಿಂದೆಯೇ ಸುದ್ದಿ ಬಂತು, ಹೊನ್ನೂರಸ್ವಾಮಿ ಮಗ್ಗ ಬಿಚ್ಚಿಹಾಕಿದನಂತೆ!

'ಕೈ ಬಿದ್ದೋಳು ಇನ್ನು ಯಾಕೆ ಬೇಕು ಅಂತಾನೇ...' ಎಂದುಕೊಂಡು ಅವಳು ಅತ್ತಿದ್ದೇ ಅತ್ತಿದ್ದು. ಒಬ್ಬರಾದರೂ ಬಾಯಿಬಿಟ್ಟು ಕೇಳಬಾರದಿತ್ತೇ!

ಇವತ್ತು ಕೇಳಿಯೇಬಿಟ್ಟಳು.

"ಮಗ್ಗ ಬಿಚ್ಚಿದ್ದು... ನನ್ನ ಕರ್ಕೊಂಡು ಹೋಗಲ್ಲ ಅಂತಾನಾ?"

"ಹಂಗಲ್ಲ ಕಣೇ! ಪಕ್ಕದ್ಮನೆ ಮಗ್ಗದ ಸದ್ದು ಕೇಳಿದ್ರೂ ತಿಂದಿದ್ದೆಲ್ಲ ವಾಂತಿ ಆಗ್ತೈತೆ. ನಿನ್ನ ಮಗ್ಗಕ್ಕೆ ಕೂರಿಸ್ದೋನು ನಾನು. ಯಾವ ಮುಖ ಇಟ್ಕೊಂಡು ಕರೆಯೋಕೆ ಬರ್ಲಿ?"

"ನೀವೇನ್ ಮಾಡಿದ್ರಿ? ಮಗ್ಗುಲಲ್ಲೇ ಇದ್ದು ನೋಡ್ದೇ ಹೋದೋಳು ನಾನಲ್ವಾ..."

ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ಉಳಿದ ರೋಗಿಗಳು ತಿರುಗಿ ನೋಡಿದರು. ನೋಡಲಿ ಬಿಡಿ!

"ಉಣ್ಣೋಕಾಗ್ದೋನು ನಾನು, ಕೈ ಎತ್ತೋಕಾಗ್ದೋಳು ನೀನು... ನಮ್ಮನೆಗೆ ಬರ್ತೀಯಾ?"

"ಬರ್ತೀನಿ." ಅವಳು ಎಡಗೈಯಿಂದ ಕಣ್ಣೊರೆಸಿಕೊಂಡಳು. "ಒಂದು ಮಾತು... ಹೆಸರಿಡೋ ಶಾಸ್ತ್ರಕ್ಕೆ ಮುಂಚೇನೇ ಹೋಯ್ತಲ್ಲ ನಮ್ ಕೂಸು. ಏನಂತ ಇಡ್ಬೇಕು ಅಂದ್ಕೊಂಡಿದ್ರಿ?"

ಅವನು ಬಗ್ಗಿ, ಕೂಸಿನ ಕಿವಿಯಲ್ಲಿ ಹೇಳುವ ಹಾಗೆ, ಅವಳ ಕಿವಿಯಲ್ಲಿ ಮೆಲ್ಲಗೆ ಹೇಳಿದ.

"ಶೈಲಜಾ... ಚೆನ್ನಾಗೈತಾ?"

"ಬಾಳ ಚೆನ್ನಾಗೈತೆ ಕಣ್ರೀ..."